ಬಿಟ್ಟು ಬಂದರೆ 1,60,000 ರೂಪಾಯಿ: ಜತ್ತ ತಾಲೂಕಿನ ಒಂದು ಮದುವೆಯ ಪ್ರಕರಣ

ಐನೂರು ರೂಪಾಯಿಯ ಸ್ಟಾಂಪ್ ಪೇಪರು. ಮರಾಠಿಯಲ್ಲಿ ಟೈಪ್ ಮಾಡಿಸಿದ ಎರಡು ಪುಟ, ಕೊನೆಗೆ ನೋಟರಿಯ ಮುದ್ರೆ. ಹುಡುಗ, ಹುಡುಗಿ ಇಬ್ಬರೂ ವಯಸ್ಕರು, ತಮ್ಮ ಖುಷಿಯಿಂದ ಮದುವೆ ಆಗಿದ್ದಾರೆ ಅಂತ ಮೊದಲ ಪುಟ ಹೇಳುತ್ತದೆ. ಹುಡುಗಿಯ ಅಪ್ಪ ಗಂಡಿನ ಕಡೆಯಿಂದ 1,60,000 ರೂಪಾಯಿ ಕೈಗಡ ಪಡೆದಿದ್ದಾನೆ ಅಂತ ಎರಡನೇ ಪುಟದಲ್ಲಿದೆ. ಹುಡುಗಿ ಗಂಡನ ಮನೆಯಲ್ಲಿ ಬಾಳ್ವೆ ಮಾಡಿಕೊಂಡಿದ್ದರೆ ಆ ಹಣ ಯಾರೂ ಕೇಳುವುದಿಲ್ಲ. ಬಿಟ್ಟು ಹೋದರೆ ಅಪ್ಪ ಬಡ್ಡಿ ಸಮೇತ ವಾಪಸ್ ಕೊಡಬೇಕು.

ಈ ಪ್ರಕರಣದಲ್ಲಿ ಯಾರನ್ನು ಕೇಳಿದರೂ "ಮಾರಿಲ್ಲ, ಕೊಂಡಿಲ್ಲ" ಅಂದರು. ಅಪ್ಪ ಅಂದ, ಗಂಡ ಅಂದ, ಮದುವೆ ಕುದುರಿಸಿದ ಏಜೆಂಟ್ ಬಾಯಿಯೂ (ಮರಾಠಿಯಲ್ಲಿ ಬಾಯಿ ಅಂದರೆ ಹೆಂಗಸು) ಅಂದಳು. ಅವರು ಬೇಕಂತಲೇ ಸುಳ್ಳು ಹೇಳಿದರು ಅಂತ ನನಗೆ ಅನಿಸುವುದಿಲ್ಲ. ಅವರ ಲೆಕ್ಕದಲ್ಲಿ ಅದು ಸಾಲ ತೀರಿಸಿದ್ದು, ಮದುವೆ ಖರ್ಚು, ಓಡಾಟದ ಖರ್ಚು. ಇಂಥ ಪ್ರಕರಣ ಕೈಗೆ ಬಂದಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಕೊಟ್ಟರು?" ಅಂತ. ನಾನಾದರೆ ಹುಡುಗಿ ನಾಳೆ ಬೆಳಿಗ್ಗೆ ಎದ್ದು ಹೊರಟರೆ ಏನಾಗುತ್ತದೆ ಅಂತ ಕೇಳುತ್ತೇನೆ. ಅದರ ಉತ್ತರ ಈ ಎರಡನೇ ಪುಟದಲ್ಲಿ ಬರಹದಲ್ಲೇ ಇತ್ತು.

ಆಕೆಗೆ ಆಗ 16 ವರ್ಷ. ಊರು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ್ದು. ಹೆಸರು, ಊರು ಬರೆಯುವಂತಿಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ತಡೆಯುತ್ತದೆ. ಗುರುತು ಸಿಗಬಾರದೆಂದು ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಕಾನೂನು ನೆರವಿನ ಕೆಲಸಕ್ಕೆ ಕನ್ನಡ, ಮರಾಠಿ ಎರಡೂ ಬರುವವರು ಬೇಕು ಅಂತ ಕರೆದಿದ್ದರು. ಹಾಗೆ ಈ ಕಡತ ನನ್ನ ಕೈಗೆ ಬಂತು.

ಕೊಯ್ತಾ ಲೆಕ್ಕ

ಜತ್ತದ ಪೂರ್ವ ಭಾಗ ಇರುವುದು ಮಹಾರಾಷ್ಟ್ರದಲ್ಲಿ. ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಎಷ್ಟೋ ಶಾಲೆಗಳೂ ಕನ್ನಡದವೇ. ದೊಡ್ಡ ದವಾಖಾನೆ ಅಂದರೆ ಸಾಂಗ್ಲಿಗಿಂತ ವಿಜಯಪುರ ಹತ್ತಿರ. ಅದೇ ಜಿಲ್ಲೆಯ ಪಶ್ಚಿಮಕ್ಕೆ ಕೃಷ್ಣೆ ಹರಿಯುತ್ತದೆ, ಇಲ್ಲಿ ಮಾತ್ರ ಬರಗಾಲ. ಜೋಳ, ಸಜ್ಜೆ, ತೊಗರಿ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ದಸರಾ, ದೀಪಾವಳಿ ಮುಗಿಯುತ್ತಲೇ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಜನ ಕಬ್ಬು ಕಡಿಯಲು ಕೊಲ್ಹಾಪುರ, ಬೆಳಗಾವಿ ಕಡೆ ಹೊರಡುತ್ತಾರೆ.

ಕಬ್ಬಿನ ಕೆಲಸದಲ್ಲಿ ಲೆಕ್ಕ ಜೋಡಿಯದು. ಗಂಡ, ಹೆಂಡತಿ ಸೇರಿ ಒಂದು ಕೊಯ್ತಾ. ಮುಕಾದಮ, ಅಂದರೆ ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರ, ಮಳೆಗಾಲದಲ್ಲೇ ಊರಿಗೆ ಬಂದು ಒಂದು ಕೊಯ್ತಾಕ್ಕೆ ಇಷ್ಟು ಅಂತ ಉಚಲ, ಅಂದರೆ ಮುಂಗಡ, ಕೊಟ್ಟು ಹೋಗುತ್ತಾನೆ. ಕಡಿದ ಟನ್ನಿನ ಮೇಲೆ ಅದು ತೀರಬೇಕು. ತೀರದಿದ್ದರೆ ಮುಂದಿನ ಸೀಸನ್ನಿಗೆ ಜಮಾ. ಈ ಕಡೆ ಹುಡುಗಿಯರ ಮದುವೆ ಬೇಗ ಆಗುವುದಕ್ಕೆ ಇದೂ ಒಂದು ಕಾರಣ. ಮದುವೆ ಆದರೆ ಹೊಸ ಕೊಯ್ತಾ, ಹೊಸ ಉಚಲ. ಮೇಲಾಗಿ ಬೆಳೆದ ಹುಡುಗಿಯನ್ನು ಊರಲ್ಲಿ ಒಬ್ಬಳನ್ನೇ ಬಿಟ್ಟು ತಿಂಗಳುಗಟ್ಟಲೆ ಹೋಗಲು ಯಾವ ತಾಯಿಗೆ ಧೈರ್ಯ ಬರುತ್ತದೆ?

ಈ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ಕೊನೆಗೆ ಒಬ್ಬ ಗಂಡು. ಈಕೆ ಎರಡನೆಯವಳು. ಕನ್ನಡ ಶಾಲೆಯಲ್ಲಿ ಎಂಟನೇ ತರಗತಿವರೆಗೆ ಓದಿದಳು. ಆಮೇಲೆ ತಮ್ಮನನ್ನು ನೋಡಿಕೊಳ್ಳಲು ಕಬ್ಬಿನ ಹೊಲಕ್ಕೆ ಅಪ್ಪ, ಅವ್ವನ ಜೊತೆ ಹೋದಳು. ಮರಾಠಿ ಅಲ್ಪಸ್ವಲ್ಪ ಕಲಿತದ್ದು ಅಲ್ಲೇ. ಒಂದು ಸೀಸನ್ನಿನಲ್ಲಿ ಸಂಕ್ರಾಂತಿ ಹೊತ್ತಿಗೆ ಅವ್ವನಿಗೆ ರಕ್ತಸ್ರಾವ ಶುರುವಾಯಿತು. ಖಾಸಗಿ ದವಾಖಾನೆ, ಆಪರೇಷನ್, ಸಾಲ. ಕೊಯ್ತಾ ಅರ್ಧವಾಯಿತು. ಅಪ್ಪ ಒಬ್ಬನೇ ಎಷ್ಟು ಕಡಿದಾನು? ಸೀಸನ್ ಮುಗಿದಾಗ ಮುಕಾದಮನ ವಹಿಯಲ್ಲಿ 70,000 ರೂಪಾಯಿ ಬಾಕಿ ನಿಂತಿತ್ತು.

ಏಜೆಂಟ್ ಬಾಯಿಯನ್ನು ಮನೆಗೆ ಕಳಿಸಿದವನು ಮುಕಾದಮನೇ. ಆಕೆ ಗಡಿಯ ಎರಡೂ ಕಡೆ ಓಡಾಡುವವಳು, ಕನ್ನಡ ಚೆನ್ನಾಗಿ ಬರುತ್ತದೆ. "ವರದಕ್ಷಿಣಿ ಬ್ಯಾಡ, ಒಂದ್ ಗುಂಜಿ ಬಂಗಾರ ಬ್ಯಾಡ, ಲಗ್ನದ ಖರ್ಚೂ ಅವರದ. ನೀವು ಹುಡುಗೀನ್ನ ಅಷ್ಟ ಕೊಡ್ರಿ" ಅಂದಳಂತೆ. ಕೊಲ್ಹಾಪುರ ಜಿಲ್ಲೆಯಲ್ಲಿ ಪಂಚಗಂಗೆಯ ದಂಡೆಗೆ ಎರಡೆಕರೆ ಕಬ್ಬು, ಸ್ವಂತ ಮನೆ, ಎಮ್ಮೆ. ಇಷ್ಟು ನಿಜ. ಹುಡುಗನಿಗೆ 28 ಅಂದದ್ದು ಸುಳ್ಳು. ಆತನಿಗೆ 36.

ಗಂಡಿನ ಕಡೆಯವರು ಕೊಟ್ಟ 1,60,000 ರೂಪಾಯಿ ಹಂಚಿಹೋದ ಬಗೆ ಹೀಗಿದೆ. ಮುಕಾದಮನ ಬಾಕಿ 70,000 ನೇರ ಅವನ ಕೈಗೆ ಹೋಯಿತು. ಏಜೆಂಟ್ ಬಾಯಿ 50,000 ಇಟ್ಟುಕೊಂಡಳು. ಅಪ್ಪನಿಗೆ ಬಂದದ್ದು 40,000. ಅದರಲ್ಲಿ ಹೆಚ್ಚಿನದು ದವಾಖಾನೆ ಸಾಲಕ್ಕೆ ಹೋಯಿತು. ಮೂವರಲ್ಲಿ ಎಲ್ಲರಿಗಿಂತ ಕಡಿಮೆ ಸಿಕ್ಕಿದ್ದು ಅಪ್ಪನಿಗೆ. ಆದರೆ ಪೂರ್ತಿ 1,60,000ಕ್ಕೆ ಸಹಿ ಹಾಕಿದವನು ಅವನೊಬ್ಬನೇ.

ಹುಡುಗಿಯನ್ನು ಯಾರಾದರೂ ಕೇಳಿದರಾ? ಕೇಳಿದರು. ಆಕೆಯ ಹೇಳಿಕೆಯಲ್ಲಿ ಆ ಭಾಗ ಬಹಳ ಚಿಕ್ಕದು. "ನಾ ಒಲ್ಲೆ ಅಂದ್ನಿರಿ. ಅವ್ವ ಅತ್ಲು. ಅಪ್ಪ ಏನೂ ಅನಲಿಲ್ಲ. ಆಮ್ಯಾಲ ಯಾರೂ ಕೇಳಲೇ ಇಲ್ರಿ."

ಅಳಿಯ ಯಾಕೆ ಇಷ್ಟು ದೂರ ಬಂದ?

ಹೆಣ್ಣು ಕೊಂಡು ತರುವುದು ಅಂದರೆ ನಮ್ಮ ಜನಕ್ಕೆ ಹರಿಯಾಣ, ರಾಜಸ್ಥಾನ ನೆನಪಾಗುತ್ತದೆ. 2001ರ ಜನಗಣತಿಯಲ್ಲಿ ಹರಿಯಾಣದಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 819 ಹೆಣ್ಣುಮಕ್ಕಳಿದ್ದರು. ಅಲ್ಲಿ ಬಂಗಾಳ, ಅಸ್ಸಾಂ, ಬಿಹಾರಗಳಿಂದ ತಂದ ಹೆಂಡಂದಿರನ್ನು ಪಾರೋ, ಮೋಲ್ಕಿ ಅಂತ ಕರೆಯುತ್ತಾರೆ. ನಮಗೆ ಅದು ದೂರದ ಕಥೆ. ಆದರೆ ಅದೇ ಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯ ಲೆಕ್ಕ 839, ಸಾಂಗ್ಲಿಯದು 851. ದೇಶದ ಸರಾಸರಿ 927. ನೀರು, ಕಬ್ಬು, ಸಕ್ಕರೆ ಕಾರ್ಖಾನೆ, ದುಡ್ಡು, ಸ್ಕ್ಯಾನಿಂಗ್ ಸೆಂಟರು ಎಲ್ಲ ಇದ್ದ ಜಿಲ್ಲೆಗಳು ಇವು. ಭ್ರೂಣದ ಲಿಂಗ ಪತ್ತೆ ತಡೆಯಲು ದೇಶಕ್ಕೆ 1994ರಲ್ಲಿ ಕಾನೂನು ಬಂತು. ಮಹಾರಾಷ್ಟ್ರ ಅದಕ್ಕೂ ಮೊದಲೇ, 1988ರಲ್ಲೇ, ತನ್ನದೇ ಕಾನೂನು ಮಾಡಿತ್ತು. ಆದರೂ 2017ರ ಮಾರ್ಚ್‌ನಲ್ಲಿ ಕರ್ನಾಟಕದ ಗಡಿಗೆ ಹತ್ತಿಕೊಂಡ, ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ ಹಳ್ಳದ ಪಕ್ಕ ಹೂತಿದ್ದ 19 ಭ್ರೂಣಗಳು ಸಿಕ್ಕವು.

ಆ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕ ಮಕ್ಕಳಿಗೆ ಈಗ ಇಪ್ಪತ್ತು ದಾಟಿ ಮೂವತ್ತು ಹತ್ತಿರ. ಹುಟ್ಟಬೇಕಿದ್ದು ಹುಟ್ಟದೇ ಹೋದವರು ಇದ್ದಿದ್ದರೆ ಅವರಿಗೂ ಅಷ್ಟೇ ವಯಸ್ಸು. ಹುಟ್ಟಿದವರಲ್ಲಿ ಓದಿದ ಹುಡುಗಿಯರಿಗೆ ಪುಣೆಯ ನೌಕರಿಯವನು ಬೇಕು, ಎರಡೆಕರೆ ರೈತ ಬೇಡ. ಅದರಲ್ಲಿ ತಪ್ಪೇನಿದೆ? 2022ರ ಡಿಸೆಂಬರ್‌ನಲ್ಲಿ ಸೊಲ್ಲಾಪುರದಲ್ಲಿ ಮದುವೆಯಾಗದ ಯುವಕರು ಮದುಮಗನ ವೇಷದಲ್ಲಿ, ಕೆಲವರು ಕುದುರೆ ಏರಿ, ಕಲೆಕ್ಟರ್ ಕಚೇರಿಗೆ ಮೆರವಣಿಗೆ ಹೋದರು. ಮರುವರ್ಷ ಫೆಬ್ರುವರಿಯಲ್ಲಿ ಮಂಡ್ಯದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಮಾಡಿದರು. ಪೇಪರಿನಲ್ಲಿ ಓದಿ ನಾವೆಲ್ಲ ನಕ್ಕೆವು. ಸೊಲ್ಲಾಪುರದವರ ಬೇಡಿಕೆಯಲ್ಲಿ ಲಿಂಗ ಪತ್ತೆ ತಡೆ ಕಾಯ್ದೆ ಸರಿಯಾಗಿ ಜಾರಿಯಾಗಲಿ ಅನ್ನೋದೂ ಇತ್ತು. ಅದನ್ನು ಯಾರೂ ಜಾಸ್ತಿ ಗಮನಿಸಲಿಲ್ಲ.

ಈ ಗಂಡ ಹುಟ್ಟು ಕ್ರೂರಿಯೇನಲ್ಲ. ಹತ್ತು ವರ್ಷ ಹೆಣ್ಣು ಹುಡುಕಿ ಸೋತವನು. ಒಂದು ಎಮ್ಮೆ ಮಾರಿ, ಸೊಸೈಟಿಯಲ್ಲಿ ಸಾಲ ತೆಗೆದು ಹಣ ಹೊಂದಿಸಿದ್ದ. ಅಷ್ಟು ಕೊಟ್ಟು ತಂದವಳು ಓಡಿಹೋದರೆ ಅನ್ನುವ ಹೆದರಿಕೆ ಆ ಮನೆಯವರಿಗೆಲ್ಲ ಇತ್ತು. ಆಕೆಯ ದಿನಗಳನ್ನು ರೂಪಿಸಿದ್ದು ಆ ಹೆದರಿಕೆಯೇ.

ಬೆಳಗಿನ ನಾಲ್ಕಕ್ಕೆ ಎದ್ದು ಸಗಣಿ, ಹಾಲು, ರೊಟ್ಟಿ. ಆಮೇಲೆ ಹೊಲದ ಕಳೆ. ಇಷ್ಟನ್ನು ಆ ಭಾಗದ ಯಾವ ಸೊಸೆಯೂ ಮಾಡುತ್ತಾಳೆ ಅಂತ ವಕೀಲರು ವಾದಿಸಬಹುದು, ವಾದಿಸಿದರು ಕೂಡ. ಆದರೆ ಬೇರೆ ಸೊಸೆಯರ ಕೈಯಲ್ಲಿ ಫೋನಿತ್ತು. ನಾಗರಪಂಚಮಿಗೆ ಅವರು ತವರಿಗೆ ಹೋದರು. ಈಕೆಗೆ ಎರಡೂ ಇಲ್ಲ. ಕಿರಾಣಿ ಅಂಗಡಿಗೂ ಅತ್ತೆ ಜೊತೆಗೇ ಬರುವಳು. ಅಪ್ಪ ಒಮ್ಮೆ ನೋಡಲು ಬಂದಾಗ ಅಂಗಳದಲ್ಲೇ ಚಹಾ ಕೊಟ್ಟು ಕಳಿಸಿದರು. ರಾತ್ರಿಯ ವಿಷಯ ಆಕೆ ಮಹಿಳಾ ಅಧಿಕಾರಿಯ ಮುಂದೆ ಮಾತ್ರ ಹೇಳಿದ್ದಾಳೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಜ್ವರ ಬಂದು ಮಲಗಿದಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: ದೀಡ (ಒಂದೂವರೆ) ಲಕ್ಷ ಸುರಿದದ್ದು ಮಲಗಿಸೋಕಾ?

ಕಬ್ಬು ಕಡಿಯಲು ಬಂದವರು

ಆ ವರ್ಷ ಸೀಸನ್ ಶುರುವಾದಾಗ ಅವರ ಊರಿಗೆ ಬಂದ ಗ್ಯಾಂಗು ಇಂಡಿ ತಾಲೂಕಿನ ಕಡೆಯದು. ಕಬ್ಬು ಕಡಿಯುವಾಗ ಎಮ್ಮೆಗೆ ಸೋಗೆ ಪುಕ್ಕಟೆ ಸಿಗುತ್ತದೆ. ಅದನ್ನು ತರಲು ಅತ್ತೆ ಈಕೆಯನ್ನು ಕರೆದುಕೊಂಡು ಹೋದಳು. ಹೊರೆ ಕಟ್ಟುವಾಗ ಈಕೆ ತನ್ನಷ್ಟಕ್ಕೆ ತಾನು ಕನ್ನಡದಲ್ಲಿ ಏನೋ ಗೊಣಗಿದಳು. ಪಕ್ಕದಲ್ಲಿ ಕಬ್ಬು ಕಟ್ಟುತ್ತಿದ್ದ ಹೆಂಗಸು ತಲೆ ಎತ್ತಿ, "ಯವ್ವಾ, ಯಾವೂರಾಕಿ ನೀ?" ಅಂದಳು. ಅತ್ತೆಗೆ ಕನ್ನಡ ಬರುವುದಿಲ್ಲ. ಸೋಗೆಯ ಹೊರೆ ಕಟ್ಟುವಷ್ಟು ಹೊತ್ತಿನಲ್ಲಿ ಈಕೆ ಊರು ಹೇಳಿದಳು, ಅಕ್ಕನ ಫೋನ್ ನಂಬರ್ ಹೇಳಿದಳು. ಬಾಯಿಪಾಠ ಇದ್ದದ್ದು ಅದೊಂದೇ ನಂಬರು.

ಅಕ್ಕ ತನ್ನೂರಿನ ಆಶಾ ಕಾರ್ಯಕರ್ತೆಯ ಮನೆಗೆ ಹೋದಳು. ಆಕೆ 1098ಕ್ಕೆ ಫೋನ್ ಹಚ್ಚಿಸಿದಳು. ಮಕ್ಕಳ ಸಹಾಯವಾಣಿಯ ಈ ನಂಬರಿಗೆ ಯಾವ ರಾಜ್ಯದಿಂದಲಾದರೂ ಮಾಡಬಹುದು, ದುಡ್ಡಿಲ್ಲ.

ಪೊಲೀಸ್ ಕಥೆ ಊಹಿಸಿದ ಹಾಗೆಯೇ ನಡೆಯಿತು. ಗಂಡನ ಊರಿನ ಠಾಣೆ ಇದು ಮನೆ ಜಗಳ ಅಂತು. ತವರಿನ ಕಡೆಯ ಠಾಣೆ ಘಟನೆ ನಮ್ಮ ಹದ್ದಿನಲ್ಲಿ ಆಗಿಲ್ಲ ಅಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕು. ಅದನ್ನೇ ಜನ ಝೀರೋ ಎಫ್‌ಐಆರ್ ಅನ್ನುತ್ತಾರೆ. ಬಾಲ ಕಲ್ಯಾಣ ಸಮಿತಿಯಿಂದ ಪತ್ರ ಹೋದ ಮೇಲೆ ಗಾಡಿ ಹೊರಟಿತು.

ಗಂಡನ ಮನೆಯವರು ಆಧಾರ್ ಕಾರ್ಡ್ ಮುಂದಿಟ್ಟರು. ಅದರಲ್ಲಿ ಹುಡುಗಿಗೆ 19. ಏಜೆಂಟ್ ಬಾಯಿ ಮದುವೆಗೆ ಮೊದಲೇ ಹುಟ್ಟಿದ ವರ್ಷ ತಿದ್ದಿಸಿದ್ದಳು. ಇಲ್ಲಿ ಒಂದು ಮಾತು ತಿಳಿದಿರಲಿ. ವಯಸ್ಸು ನಿರ್ಧರಿಸಲು ಬಾಲ ನ್ಯಾಯ ಕಾಯ್ದೆಯ 94ನೇ ಕಲಂ ಒಂದು ಕ್ರಮ ಹೇಳುತ್ತದೆ. ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಸರ್ಟಿಫಿಕೇಟು. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಅದು ಹುಟ್ಟಿದ ದಿನಕ್ಕೆ ಪುರಾವೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2024ರ ಅಕ್ಟೋಬರ್‌ನಲ್ಲಿ, ಒಂದು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ, ಹೇಳಿತು. ಕನ್ನಡ ಶಾಲೆಯ ಮುಖ್ಯಗುರುಗಳು ಜನರಲ್ ರಜಿಸ್ಟರ್ ತೆಗೆದು ಒಂದನೇ ತರಗತಿಗೆ ಸೇರಿದಾಗಿನ ದಾಖಲೆ ತೋರಿಸಿದರು. ಆಧಾರ್‌ನ 19 ಅಲ್ಲಿಗೆ ಬಿದ್ದುಹೋಯಿತು.

ಗಡಿ ದಾಟಿದ ಮದುವೆ

ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು. ಅದು ಬಾಲ್ಯವಿವಾಹವನ್ನು ತಾನಾಗಿ ರದ್ದು ಮಾಡುವುದಿಲ್ಲ. 3ನೇ ಕಲಂ ಪ್ರಕಾರ ಹುಡುಗಿಯೇ ಕೋರ್ಟಿಗೆ ಹೋಗಿ ಕೇಳಬೇಕು. 18 ತುಂಬಿ ಎರಡು ವರ್ಷದವರೆಗೆ ಅವಕಾಶ ಇದೆ. ಮಹಾರಾಷ್ಟ್ರದಲ್ಲಿ ಇದೇ ನಿಯಮ. ಆದರೆ 12ನೇ ಕಲಂ ಬೇರೆ ಮಾತು ಹೇಳುತ್ತದೆ. ಅಪ್ರಾಪ್ತೆಯನ್ನು ಮದುವೆಗಾಗಿ ಮಾರಿದ್ದರೆ, ಅಥವಾ ಬಲವಂತದಿಂದಲೋ ಮೋಸದಿಂದಲೋ ಕರೆದೊಯ್ದು ತಾಳಿ ಕಟ್ಟಿಸಿದ್ದರೆ, ಆ ಮದುವೆ ಶೂನ್ಯ. ರದ್ದು ಮಾಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಎಷ್ಟೋ ವಕೀಲರು ಅಭ್ಯಾಸಬಲದಿಂದ 3ನೇ ಕಲಮಿನ ಅರ್ಜಿಯನ್ನೇ ಹಾಕುತ್ತಾರೆ. ನಮ್ಮ ವಕೀಲರು 12 ಹಿಡಿದರು. ಅದೇ ಸರಿ ಅಂತ ನನ್ನ ಅಭಿಪ್ರಾಯ. ಯಾಕಂದರೆ 3ರಲ್ಲಿ ಹುಡುಗಿಯನ್ನು ಮಾರಿದರೇ ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು ದಾರಿ ಫೋಟೋದಲ್ಲಿ ಸಿಕ್ಕಿತು. ಮದುವೆ ಎರಡೂ ಊರಲ್ಲಿ ಆಗಿರಲಿಲ್ಲ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಗ್ರಾಮಸೇವಕನೇ ಬಾಲ್ಯವಿವಾಹ ನಿಷೇಧ ಅಧಿಕಾರಿ. ಅವನ ಕಣ್ಣು ತಪ್ಪಿಸಲು ಏಜೆಂಟ್ ಬಾಯಿ ಗಡಿ ದಾಟಿಸಿದ್ದಳು. ಫೋಟೋದಲ್ಲಿ ಗುಡಿಯ ಬಾಗಿಲ ಮೇಲೆ ಕನ್ನಡ ಬೋರ್ಡು, ಕೆಳಗೆ ಅಥಣಿ ತಾಲೂಕು ಅಂತ ಬರಹ. ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಎಲ್ಲ ಬಾಲ್ಯವಿವಾಹಗಳನ್ನೂ ಮೊದಲಿನಿಂದಲೇ ಅಸಿಂಧು ಅಂತ ಮಾಡಿದೆ. ತಪ್ಪಿಸಿಕೊಳ್ಳಲು ಹೋಗಿ ಆಕೆ ಮದುವೆಯನ್ನು ಇನ್ನೂ ಕಠಿಣ ಕಾನೂನಿನ ಬಾಯಿಗೆ ಹಾಕಿದ್ದಳು! ವಕೀಲರು ಎರಡೂ ಆಧಾರ ಸೇರಿಸಿ, ಹುಡುಗಿ ವಾಸವಿರುವ ಸಾಂಗ್ಲಿ ಜಿಲ್ಲೆಯಲ್ಲೇ ಅರ್ಜಿ ಹಾಕಿದರು. ಕಾಯ್ದೆಯ 8ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ.

ಕ್ರಿಮಿನಲ್ ಪ್ರಕರಣದಲ್ಲಿ ಇನ್ನೊಂದು ತೊಡಕು. ಬಾಲ್ಯವಿವಾಹ ಮಾಡಿಸಿದವರಿಗೆ 11ನೇ ಕಲಂ ಎರಡು ವರ್ಷದವರೆಗೆ ಜೈಲು ಹೇಳುತ್ತದೆ. ಆದರೆ ಹೆಂಗಸಿಗೆ ಜೈಲು ಇಲ್ಲ, ದಂಡ ಮಾತ್ರ. ಅಸಹಾಯಕ ತಾಯಂದಿರನ್ನು ಮನಸ್ಸಿನಲ್ಲಿಟ್ಟು ಮಾಡಿದ ವಿನಾಯಿತಿ ಇರಬೇಕು. ಈ ಕಲಂ ಒಂದನ್ನೇ ಹಾಕಿದ್ದರೆ ಏಜೆಂಟ್ ಬಾಯಿ ದಂಡ ಕಟ್ಟಿ ಮನೆಗೆ ಹೋಗುತ್ತಿದ್ದಳು. ಹಾಗಾಗಿ ಭಾರತೀಯ ನ್ಯಾಯ ಸಂಹಿತೆಯ 143, ಅಂದರೆ ಮನುಷ್ಯರ ಸಾಗಾಟದ ಕಲಂ, ಸೇರಿಸಲೇಬೇಕಿತ್ತು. ಒಬ್ಬ ವ್ಯಕ್ತಿಯ ಮೇಲೆ ಹಿಡಿತ ಇರುವವರಿಗೆ ಹಣ ಕೊಟ್ಟು ಒಪ್ಪಿಸಿ ಶೋಷಣೆಗೆ ಕರೆದೊಯ್ಯುವುದು ಅದರಲ್ಲಿ ಬರುತ್ತದೆ. ಗುಲಾಮಗಿರಿ ಮತ್ತು ಅದರಂಥ ಪದ್ಧತಿಗಳೂ ಶೋಷಣೆಯೇ ಅಂತ ಅದು ಹೇಳುತ್ತದೆ. ಅಪ್ರಾಪ್ತೆಯಾದರೆ ಕನಿಷ್ಠ ಹತ್ತು ವರ್ಷ. ಗಂಡನ ಮೇಲೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ, ಕೂಡ ಬಂತು. 18 ತುಂಬದ ಹೆಂಡತಿಯ ವಿಷಯದಲ್ಲಿ ಅತ್ಯಾಚಾರದ ಕಲಮಿನಿಂದ ಗಂಡನಿಗಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2017ರಲ್ಲೇ ತೆಗೆದುಹಾಕಿದೆ.

ಮದುವೆಯನ್ನು ಗುಲಾಮಗಿರಿ ಅನ್ನುವುದು ಜಾಸ್ತಿ ಆಯಿತು ಅಂತ ಕೆಲವರಿಗೆ ಅನಿಸಬಹುದು. ಪಂಚರ ಮುಂದೆ ಮಾತಾದಾಗ ಒಬ್ಬ ಹಿರಿಯರು, "ಹಿಂದ ತೆರಾ ಕೊಟ್ಟ ಹೆಣ್ಣು ತರತಿದ್ರಲ್ಲ, ಇದೂ ಹಂಗ" ಅಂದರು. ತೆರ, ಅಂದರೆ ಗಂಡಿನವರು ಹೆಣ್ಣಿನ ಮನೆಯವರಿಗೆ ಕೊಡುವ ಹಣ, ಎಲ್ಲರೆದುರು ಕೊಡುತ್ತಿದ್ದದ್ದು. ಎಷ್ಟು ಅನ್ನೋದು ಕುಲಕ್ಕೆಲ್ಲ ಗೊತ್ತಿರುತ್ತಿತ್ತು. ಕೊಟ್ಟವರ ಊರೂ ತೆಗೆದುಕೊಂಡವರ ಊರೂ ಹತ್ತಿರ. ಮಗಳು ಅತ್ತರೆ ಅಣ್ಣ, ತಮ್ಮ ಹೋಗಿ ಕೇಳುತ್ತಿದ್ದರು. ಅದೂ ಹೆಣ್ಣಿಗೆ ಬಹಳ ನ್ಯಾಯದ್ದೇನೂ ಆಗಿರಲಿಲ್ಲ ಬಿಡಿ. ಗುಲಾಮಗಿರಿ ಬಗ್ಗೆ ವಿಶ್ವಸಂಸ್ಥೆಯ 1956ರ ಒಪ್ಪಂದ ಈ ಪ್ರಶ್ನೆಯನ್ನು ಆಗಲೇ ಎದುರಿಸಿದೆ. ಬೇಡ ಅನ್ನುವ ಹಕ್ಕಿಲ್ಲದ ಹೆಣ್ಣನ್ನು ಅವಳ ಮನೆಯವರಿಗೆ ಹಣ ಅಥವಾ ವಸ್ತು ಕೊಟ್ಟು ಮದುವೆ ಮಾಡಿಕೊಳ್ಳುವುದನ್ನು ಅದು ಗುಲಾಮಗಿರಿಯಂಥ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಭಾರತವೂ ಅದನ್ನು ಒಪ್ಪಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಜೊತೆಗಾರರ 2021ರ ಅಂದಾಜಿನಲ್ಲಿ ಜಗತ್ತಿನ ಸುಮಾರು 5 ಕೋಟಿ ಆಧುನಿಕ ಗುಲಾಮರಲ್ಲಿ 2.2 ಕೋಟಿ ಜನ ಬಲವಂತದ ಮದುವೆಯಲ್ಲಿ ಇರುವವರು.

ಅಪ್ಪನ ವಿಷಯ

ಬಿಡಿಸಿ ತಂದ ಮೇಲೆ ಹುಡುಗಿ ಕೇಳಿದ ಮೊದಲ ಪ್ರಶ್ನೆ ಅಪ್ಪನ ಬಗ್ಗೆ. "ಅಪ್ಪಗ ಜೇಲ್ ಆಗ್ತದೇನ್ರಿ?" ಅವನೂ ಆರೋಪಿಯೇ. ಹಣ ತೆಗೆದುಕೊಂಡಿದ್ದಾನೆ, ಸಹಿ ಹಾಕಿದ್ದಾನೆ, ಒಲ್ಲೆ ಅಂದ ಮಗಳನ್ನು ಕಳಿಸಿದ್ದಾನೆ. ಆತನನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಈ ಭಯದಿಂದಲೇ ಎಷ್ಟೋ ಹುಡುಗಿಯರು ಹೇಳಿಕೆ ಬದಲಿಸುತ್ತಾರೆ, ಪ್ರಕರಣ ಬೀಳುತ್ತದೆ, ಏಜೆಂಟು ಮುಂದಿನ ಮನೆಗೆ ಹೋಗುತ್ತಾಳೆ. ಸಮಿತಿಯವರು ಆಕೆಗೆ ಸುಳ್ಳು ಭರವಸೆ ಕೊಡಲಿಲ್ಲ. ಸತ್ಯ ಹೇಳು, ಅಪ್ಪನದು ಕೋರ್ಟು ನೋಡುತ್ತದೆ ಅಂದರು. ಮ್ಯಾಜಿಸ್ಟ್ರೇಟರ ಮುಂದೆ ಆಕೆ ಸತ್ಯವನ್ನೇ ಹೇಳಿದಳು.

ಗಂಡಿನ ಕಡೆಯವರು ಪಂಚರನ್ನು ಕಟ್ಟಿಕೊಂಡು 1,60,000 ಕೇಳಲು ಬಂದರು. ಅಪ್ಪ ಇದ್ದೊಂದು ಎಕರೆ ಮಾರಲು ತಯಾರಾಗಿದ್ದ. ಅದನ್ನು ತಡೆಯುವುದೇ ನಮಗೆ ಎಲ್ಲಕ್ಕಿಂತ ದೊಡ್ಡ ಕೆಲಸವಾಯಿತು. ಕಾನೂನು ನಿಷೇಧಿಸಿದ ಕೆಲಸಕ್ಕೆ ಮಾಡಿಕೊಂಡ ಕರಾರು ಕರಾರೇ ಅಲ್ಲ. ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ ಅದು ಮದುವೆಯೂ ಆಗುವುದಿಲ್ಲ, ಸಾಲವೂ ಆಗುವುದಿಲ್ಲ. ಇದನ್ನು ವಕೀಲರು ಪಂಚರ ಮುಂದೆಯೇ ಓದಿ ಹೇಳಿದರು. ಅವರು ಎದ್ದು ಹೋದರು.

ಹುಡುಗಿ ಈಗ ಹಾಸ್ಟೆಲ್ಲಿನಲ್ಲಿದ್ದಾಳೆ. ಫಾರ್ಮ್ ನಂಬರ್ 17 ತುಂಬಿದ್ದಾಳೆ. ಮಹಾರಾಷ್ಟ್ರದಲ್ಲಿ ಶಾಲೆ ಬಿಟ್ಟವರು ಹತ್ತನೇ ತರಗತಿಗೆ ಹೊರಗಿನಿಂದ ಕೂರುವುದು ಅದರಿಂದಲೇ. ಕನ್ನಡ ಮಾಧ್ಯಮದಲ್ಲೇ ಬರೆಯುತ್ತಾಳೆ. ಗಣಿತದ್ದೇ ಹೆದರಿಕೆ.

ಆರೋಪಪಟ್ಟಿಯಲ್ಲಿ ಗಂಡ, ಅತ್ತೆ, ಅಪ್ಪ, ಏಜೆಂಟ್ ಬಾಯಿ ಇದ್ದಾರೆ. ಎಲ್ಲರಿಗಿಂತ ದೊಡ್ಡ ಪಾಲು ಪಡೆದ ಮುಕಾದಮನ ಹೆಸರಿಲ್ಲ. ಅವನಿಗೆ ಹೋದ 70,000ದ ಪಕ್ಕದಲ್ಲಿ ತನಿಖಾಧಿಕಾರಿ "ಹಳೆಯ ಬಾಕಿ" ಅಂತ ಬರೆದಿದ್ದಾರೆ. ಸಾಕ್ಷಿ ವಿಚಾರಣೆಯಲ್ಲಿ ಬೇರೆ ಯಾರದಾದರೂ ಕೈವಾಡ ಕಂಡರೆ ಅವರನ್ನೂ ಆರೋಪಿ ಮಾಡಲು ನಾಗರಿಕ ಸುರಕ್ಷಾ ಸಂಹಿತೆಯ 358ನೇ ಕಲಂ ಕೋರ್ಟಿಗೆ ಅಧಿಕಾರ ಕೊಡುತ್ತದೆ. ಹುಡುಗಿಯ ಸಾಕ್ಷಿ ಮುಗಿದ ಮೇಲೆ ಆ ಅರ್ಜಿ ಹಾಕುತ್ತೇವೆ ಅಂತ ವಕೀಲರು ಹೇಳಿದ್ದಾರೆ. ಮುಕಾದಮ ಈ ಸಲದ ಉಚಲ ಹಂಚಲು ಶುರು ಮಾಡಿದ್ದಾನೆ. ಆಕೆಯ ತಂಗಿಗೆ ಈಗ 14.